ಹತ್ತೊಂಬತ್ತು ವರ್ಷಕ್ಕೆ ಎಷ್ಟು ಕವಲು?

ಹಳ್ಳದ ತಲೆಯ ಬಿಡಾರ,
ವಲೋವಾ ಬೆಟ್ಟ, ಒರೆಗಾನ್
ಅಕ್ಟೋಬರ್ 30, ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮ ಗ್ಯಾರೆಟ್‌ಗೆ, ಅಕ್ಕ ಟ್ವೈಲಾಳ ನೆನಪುಗಳು.

ನಿನ್ನ ಬೆರಳು ಹೇಗಿದೆ? ಏಡಿ ಹಿಡಿಯುವ ಕಬ್ಬಿಣದ ಪಂಜರದ ಕೆಳಗೆ ಒಂದು ಬೆರಳು ಸಿಕ್ಕಿಕೊಂಡಿತೆಂದು ಅಮ್ಮನಿಗೆ ಹೇಳಿದೆಯಂತೆ. ಅಮ್ಮ ಅದನ್ನು ನನಗೆ ದಾಟಿಸುವಷ್ಟರಲ್ಲಿ ಬೆರಳು ಹೋಗಿ ಇಡೀ ಕೈ ಆಗಿತ್ತು, ಪಕ್ಕದ ಮನೆಯವರಿಗೆ ಹೇಳುವಾಗ ದೋಣಿಯೇ ಮಗುಚಿತ್ತು. ನಿಜವಾಗಿ ಏನಾಯಿತೆಂದು ನೀನೇ ಬರೆ. ಉಗುರು ಕಪ್ಪಾಗಿದ್ದರೆ ಕೀಳಲು ಹೋಗಬೇಡ, ತಾನಾಗಿಯೇ ಬೀಳುತ್ತದೆ. ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಹೋದ ವರ್ಷ ಅಲಾಸ್ಕಾದಿಂದ ಇಳಿದು ಬಂದಾಗ ನಿದ್ದೆಗೆಟ್ಟ ನಿನ್ನ ಮುಖ ನೋಡಿ ನನಗೆ ಅಳುವೇ ಬಂದಿತ್ತು, ಆಗ ಹೇಳಲಿಲ್ಲ. ನಾನು ಚೆನ್ನಾಗಿದ್ದೇನೆ. ಊರಿನಲ್ಲಿ ಅಮ್ಮನೂ ಚೆನ್ನಾಗಿದ್ದಾಳೆ. ಅಪ್ಪನ ವಿಷಯ ಬರೆಯುವುದಕ್ಕೆಂದೇ ಈಗ ಕೂತಿದ್ದೇನೆ.

ಕೂತಿದ್ದೇನೆ ಅನ್ನುವುದೂ ಸುಳ್ಳು. ಸೌದೆ ಪೆಟ್ಟಿಗೆಯನ್ನು ಮೇಜು ಮಾಡಿಕೊಂಡು ಒಂದು ಸಾಲು ಬರೆಯುತ್ತೇನೆ, ಎದ್ದು ಡೇರೆಯ ಬಾಗಿಲೆತ್ತಿ ಹೊರಗೆ ನೋಡುತ್ತೇನೆ, ಒಲೆಗೆ ಬೇಡದ ಸೌದೆ ತುರುಕುತ್ತೇನೆ, ಬಂದು ಇನ್ನೊಂದು ಸಾಲು. ಈ ಹೊತ್ತಿನಲ್ಲಿ ಎಲ್ಕ್ ಜಿಂಕೆಗಳೆಲ್ಲ ದಟ್ಟ ಕಾಡಿನೊಳಗೆ ಮಲಗಿ ಮೆಲುಕು ಹಾಕುತ್ತಿರುತ್ತವೆ, ಹೊರಗೆ ಅಲೆದು ಪ್ರಯೋಜನವಿಲ್ಲ ಎಂದು ಗೊತ್ತು. ಆದರೂ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಅಪ್ಪನದೂ ಅದೇ ಗತಿ, ಮರದ ಬುಡದಲ್ಲಿ ಕೂತು ಒರೆಸಿದ ಕೋವಿಯನ್ನೇ ಒರೆಸುತ್ತಿದ್ದಾರೆ. ಭಾನುವಾರ ಸಂಜೆಗೆ ಬೇಟೆಯ ಕಾಲ ಮುಗಿಯುತ್ತದೆ. ಅಷ್ಟರೊಳಗೆ ಒಂದು ಎಲ್ಕ್ ಹೋರಿ ಬೀಳದಿದ್ದರೆ ಅಪ್ಪನ ಬೇಟೆ ಪರವಾನಗಿಯಿಂದ ಒಲೆ ಹಚ್ಚಬಹುದು, ಅಷ್ಟೇ. ಇನ್ನೊಂದಕ್ಕೆ ಮತ್ತೆ ಮೊದಲಿನಿಂದ ಕಾಯಬೇಕು, ಅಪ್ಪನಿಗೆ ಈಗಲೇ ಎಪ್ಪತ್ತಮೂರು.

ನಾವು ಚಿಕ್ಕವರಿದ್ದಾಗ ಅಪ್ಪ ಕೊಂಬು ನೋಡಿದವರೇ ಅಲ್ಲ, ನಿನಗೂ ನೆನಪಿರಬೇಕು. ಊರ ಹಿಂದಿನ ಗುಡ್ಡಕ್ಕೆ ಹೋಗಿ, ಹೊಡೆಯಲು ಅನುಮತಿಯಿದ್ದ ಯಾವ ಎಲ್ಕ್ ಮೊದಲು ಎದುರಾಯಿತೋ ಅದನ್ನು ತಂದುಬಿಡುತ್ತಿದ್ದರು. ಆ ವರ್ಷ ಕರು ಹಾಕದ ಹೆಣ್ಣು ಸಿಕ್ಕರಂತೂ ಅಮ್ಮನಿಗೆ ಹಬ್ಬ, ಬೆಣ್ಣೆಯಂಥ ಮಾಂಸ ಎಂದು ಸಾಲುಸಾಲು ಗಾಜಿನ ಜಾಡಿಗಳಲ್ಲಿ ತುಂಬಿಡುತ್ತಿದ್ದಳು. ಅಂಥ ಮನುಷ್ಯ ಒಂದು ವಸಂತದಲ್ಲಿ ತಮ್ಮ ಗೆಳೆಯ ಡೂಲಿಯ ಮಾತು ಕೇಳಿ ಈ ಬೆಟ್ಟದ ಪರವಾನಗಿಗೆ ಅರ್ಜಿ ಹಾಕಿದರು. ಇಲ್ಲಿಗೆ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಬಿಡುವುದರಿಂದ ಹೋರಿಗಳು ವಯಸ್ಸಾಗುವ ತನಕ ಬದುಕುತ್ತವೆ, ಕೊಂಬು ಬೆಳೆಸುತ್ತವೆ. ಈ ಸಲ ಸಿಗದವರು ಮುಂದಿನ ಸಲ ಸರದಿಯಲ್ಲಿ ಒಂದು ಹೆಜ್ಜೆ ಮುಂದೆ. ಹೀಗೆ ಹೆಜ್ಜೆ ಹಾಕುತ್ತ ಹತ್ತೊಂಬತ್ತು ವರ್ಷ ಹೋಗಿ ಈ ವರ್ಷ ಸಿಕ್ಕಿತು. ಶುರುವಿನಲ್ಲಿ ‘ಕೊಂಬಲ್ಲಿ ಐದು ಕವಲಿರೋದು ಸಿಕ್ರೆ ಸಾಕಪ್ಪ’ ಅನ್ನುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ‘ಇಷ್ಟು ಕಾದಿದೀವಿ, ಆರಾದ್ರೂ ಬೇಡ್ವಾ?’ ಅಂದರು. ಆಮೇಲೆ ಆರು ಕವಲಿದ್ದರೆ ಸಾಲದು, ಉದ್ದ ಬೇಕು, ಬುಡ ದಪ್ಪ ಬೇಕು. ‘ಈ ಸಲ ಇಲ್ಲ’ ಎಂದು ಪ್ರತಿ ಬೇಸಿಗೆ ಉತ್ತರ ಬಂದಾಗಲೂ ಅಪ್ಪನ ತಲೆಯೊಳಗಿನ ಹೋರಿಗೆ ಇನ್ನೊಂದು ಗೇಣು ಕೊಂಬು ಬೆಳೆಯಿತು. ಕಾದಷ್ಟೂ ಕಣ್ಣೆದುರಿಗೆ ಬಂದದ್ದು ಸಣ್ಣದಾಗುವ ಈ ಹುಚ್ಚು ನಮ್ಮ ಕಡೆಯವರಿಗಲ್ಲದೆ ಇನ್ಯಾರಿಗೂ ಇರಲಾರದು. ಆ ಕೊಂಬು ನೇತು ಹಾಕಲೆಂದೇ ಮನೆಯಲ್ಲಿ ಒಲೆಯ ಮೇಲಿನ ಗೋಡೆಯನ್ನು ಖಾಲಿ ಬಿಟ್ಟಿದ್ದಾರಲ್ಲ, ಅಮ್ಮ ಈ ಸಲ ನಾವು ಹೊರಡುವಾಗ ಏನಂದಳು ಗೊತ್ತಾ? ‘ಖಾಲಿ ಕೈಲಿ ಬಂದ್ರೆ ಅಲ್ಲೊಂದು ಕನ್ನಡಿ ನೇತು ಹಾಕ್ತೀನಿ. ನಿಮ್ಮಪ್ಪನೇ ನಿಂತ್ಕೊಂಡು ನೋಡ್ಕೊಳ್ಲಿ, ಕೊಂಬು ಬಂದಿರೋದು ಅವರಿಗೇ.’ ಅಪ್ಪ ಕೇಳಿಸಿಕೊಂಡೂ ಕೇಳದವರ ಹಾಗೆ ಗಾಡಿ ಹತ್ತಿದರು.

ಬೇಟೆ ಶುರುವಾದ ಮೊದಲ ಬೆಳಗ್ಗೆಯೇ ಬಂತು ಕಣೋ. ನಾವು ದಿಣ್ಣೆಯ ಅಂಚಿನಲ್ಲಿ ಕೂತು ಇನ್ನೂ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆವು. ಎದುರಿನ ಹುಲ್ಲು ಇಳಿಜಾರಿನಲ್ಲಿ, ಹೊಡೆಯುವಷ್ಟು ಹತ್ತಿರದಲ್ಲಿ, ಕುದುರೆಯಂಥ ಮೈಯ ಹೋರಿಯೊಂದು ಆರಾಮಾಗಿ ನಡೆದು ಬಂದು ಅಡ್ಡ ನಿಂತಿತು. ನೀನು ಹೇಳಿಕೊಟ್ಟ ಹಾಗೆ ಅದರ ಕಿವಿಯನ್ನೇ ಅಳತೆಗೋಲು ಮಾಡಿಕೊಂಡು ದುರ್ಬೀನಿನಲ್ಲಿ ನೋಡಿದೆ. ನಾಲ್ಕನೆಯ ಕವಲೊಂದೇ ಎರಡು ಕಿವಿಯಷ್ಟು ಉದ್ದವಿತ್ತು. ತಲೆಯೆತ್ತಿ ಕೂಗಿದಾಗ ಕೊಂಬಿನ ತುದಿ ಹೋಗಿ ಸೊಂಟಕ್ಕೆ ಮುಟ್ಟುತ್ತಿತ್ತು. ಅಪ್ಪ ಕೋವಿಯ ದುರ್ಬೀನಿನಲ್ಲಿ ತುಂಬಾ ಹೊತ್ತು ನೋಡಿ, ‘ಎಳೇದು. ಇನ್ನೆರಡು ವರ್ಷ ಬೆಳೀಲಿ ಬಿಡು’ ಅಂದರು. ‘ಅಪ್ಪಾ, ಆರು ಕವಲಿದೆ, ಸರಿಯಾಗಿ ನೋಡಿ’ ಎಂದು ಪಿಸುಗುಟ್ಟಿದೆ. ‘ನಿಂಗೆ ಕೊಂಬಿದ್ದಿದ್ದೆಲ್ಲಾ ದೊಡ್ಡದೇ. ಸುಮ್ನಿರು ಮರಿ.’ ನಾನು ಹುಟ್ಟುವುದಕ್ಕೆ ಮೊದಲಿಂದ ಬೇಟೆಯಾಡಿದವರ ಎದುರು ಏನೆನ್ನಲಿ? ಹೋರಿ ನಮ್ಮನ್ನು ಕಾಯಿಸಿ ಕಾಯಿಸಿ, ಬೇಸರವಾದ ಹಾಗೆ ಕಾಡಿನೊಳಗೆ ಹೋಯಿತು.

ಆಮೇಲೆ ಬಂದವೆಲ್ಲ ಅದಕ್ಕಿಂತ ಸಣ್ಣವು, ಎಲ್ಲಕ್ಕೂ ಅಪ್ಪನದು ಒಂದೇ ಉತ್ತರ. ಕೆಳಗಿನ ಬಯಲಿನಲ್ಲಿ ಡೂಲಿ ತನ್ನ ಹೇಸರಗತ್ತೆಗಳನ್ನು ಕಟ್ಟಿಕೊಂಡು ಇದ್ದಾನೆ, ಈ ವರ್ಷವೂ ಬೇಟೆಯವರ ಮಾಂಸ ಹೊರಿಸಿ ಕೆಳಗಿಳಿಸುವುದು ಅವನದೇ ಕೆಲಸ. ಸಂಜೆಯಾದರೆ ನಮ್ಮ ಕಾಫಿ ಕುಡಿಯಲು ಮೇಲೆ ಬರುತ್ತಾನೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ, ಅಪ್ಪನನ್ನು ಕೆಣಕುತ್ತಲೇ ಇರುತ್ತಾನೆ. ‘ಏನ್ ಲೈಲಣ್ಣ, ನಿನ್ ಹೋರಿ ಇನ್ನೂ ಅವರಮ್ಮನ ಹೊಟ್ಟೇಲೇ ಇದ್ಯಾ?’ ಅನ್ನುವುದು, ‘ನನ್ ಕತ್ತೆಗಳು ಕೆಲಸ ಇಲ್ದೆ ನಿನ್ ಥರ ಸೋಮಾರಿ ಆಗ್ತಾವೆ’ ಅನ್ನುವುದು. ಅಪ್ಪನೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮುದುಕರ ಹಟ ಎಂದುಕೊಂಡಿದ್ದೆ.

ಮೊನ್ನೆ ಮಂಗಳವಾರ ಆ ನಗು ನಿಂತಿತು. ಹಳ್ಳದ ಮೇಲೆ ಕೂತಿದ್ದೆವು. ಕೆಳಗೆ ಹಿಂದೊಮ್ಮೆ ಬೆಂಕಿ ಬಿದ್ದ ಜಾಗದಲ್ಲಿ ಒಂದು ಎಲ್ಕ್ ಬಂದು ನಿಂತಿತು. ಅಪ್ಪ ಕೋವಿಯೆತ್ತಿ ನೋಡಿ, ‘ಐದು ಕವಲು. ಬುಡ ದಪ್ಪ ಇಲ್ಲ, ಬೇಡ’ ಎಂದು ಇಳಿಸಿದರು. ನಾನೂ ನೋಡಿದೆ. ಅದು ಹೆಣ್ಣು ಕಣೋ ಗ್ಯಾರೆಟ್. ಬೋಳು ತಲೆಯ ಹೆಣ್ಣು. ಅದರ ಹಿಂದೆ ಬಿದ್ದಿದ್ದ ಒಣಮರದ ರೆಂಬೆಗಳು ತಲೆಯ ಮೇಲೆ ಎದ್ದಿರುವ ಹಾಗೆ ಕಾಣುತ್ತಿದ್ದವು. ತಮಾಷೆ ಮಾಡುತ್ತಿದ್ದಾರೆಂದು ಕಿಸಕ್ಕನೆ ನಕ್ಕುಬಿಟ್ಟೆ. ಅಪ್ಪ ನಗಲಿಲ್ಲ. ಆ ಹೆಣ್ಣು ಮೇಯುತ್ತ ಮೇಯುತ್ತ ಪಕ್ಕಕ್ಕೆ ಸರಿದು ಹೊರಟೇ ಹೋಯಿತು, ಅಪ್ಪ ಇನ್ನೂ ಆ ಒಣಮರವನ್ನೇ ನೋಡುತ್ತಿದ್ದರು. ‘ನೋಡು, ನಾವಿದ್ದೀವಂತ ಗೊತ್ತಾದ್ರೂ ಕದಲ್ತಿಲ್ಲ, ಪುಂಡ’ ಅಂದರು.

ಬಿಡಾರಕ್ಕೆ ಬಂದು ಕಾಫಿ ಕೊಟ್ಟು ನೇರವಾಗಿಯೇ ಕೇಳಿದೆ. ‘ಅಪ್ಪಾ, ಕಣ್ಣು ಯಾವಾಗಿಂದ ಹೀಗೆ?’ ಮೊದಲು ರೇಗಿದರು, ದುರ್ಬೀನಿಗೆ ಬೈದರು, ಮಂಜಿಗೆ ಬೈದರು. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ನಡುವೆ ಹೊಗೆ ಇದ್ದಂಗೆ ಕಾಣತ್ತೆ. ಅಂಚೆಲ್ಲಾ ಚೆನ್ನಾಗೇ ಕಾಣತ್ತೆ’ ಅಂದರು. ಎರಡು ಚಳಿಗಾಲದಿಂದ ಹೀಗೇ ಇದೆಯಂತೆ. ಪ್ರಾಣಿಯ ಮೈ ಕಾಣುತ್ತದೆ, ತಲೆಯ ಮೇಲೆ ಏನಿದೆ ಅನ್ನುವುದು ಮಸುಕು. ಆದ್ದರಿಂದ ಏನು ಬಂದರೂ ‘ಸಣ್ಣದು’. ಸಣ್ಣದು ಎಂದವರನ್ನು ಯಾರು ಪ್ರಶ್ನಿಸುತ್ತಾರೆ ಹೇಳು? ಎಲ್ಲರೂ ಗೌರವದಿಂದ ತಲೆಯಾಡಿಸುತ್ತಾರೆ. ಆಗ ನನಗೆ ಹೊಳೆದದ್ದು, ಆ ಕಡಿದಾದ ಹೇರ್‌ಪಿನ್ ತಿರುವುಗಳನ್ನೆಲ್ಲ ಹತ್ತಿಸಿಕೊಂಡು ನಮ್ಮ ಗಾಡಿಯನ್ನು ಇಲ್ಲಿಗೆ ಓಡಿಸಿ ತಂದವರು ಇವರೇ, ನಾನು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದೆ! ‘ಅದಕ್ಕೆ ಕಣ್ಯಾಕೆ, ಆ ರಸ್ತೆ ಕೈಗೇ ಗೊತ್ತು’ ಅಂದರು. ಡಾಕ್ಟರ ಹತ್ತಿರ ಹೋದರೆ ಗಾಡಿ ಓಡಿಸಬೇಡ ಅನ್ನುತ್ತಾರೆಂದು ಹೋಗಿಲ್ಲ. ಅಮ್ಮನಿಗೂ ಹೇಳಿಲ್ಲ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಆ ಲೋಟ ಹಿಡಿದ ಕೈ ನೋಡಿ ಬೈಯಲು ಬಾಯಿ ಬರಲಿಲ್ಲ. ಮೊದಲ ದಿನದ ಹೋರಿಯ ನಿಜ ಮಾತ್ರ ಹೇಳಲಿಲ್ಲ, ಹೇಳುವುದೂ ಇಲ್ಲ. ಹತ್ತೊಂಬತ್ತು ವರ್ಷ ಯಾವುದಕ್ಕೆ ಕಾದರೋ ಅದನ್ನೇ ‘ಎಳೇದು’ ಎಂದು ಕಳಿಸಿಕೊಟ್ಟರೆಂದು ಯಾವ ಬಾಯಲ್ಲಿ ಹೇಳಲಿ?

ಗಂಟುಮೂಟೆ ಕಟ್ಟೋಣ ಅಂದೆ. ಒಪ್ಪಲಿಲ್ಲ. ಹಾಗಾದರೆ ಮೊದಲು ನನಗೆ ತೋರಿಸಿ ಎಂದು, ಕಾಗದದ ತಟ್ಟೆಯೊಂದನ್ನು ಹಳ್ಳದ ಆಚೆಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ಹೊಡೆಸಿದೆ. ಹತ್ತಿರದಿಂದಾದರೆ ತಲೆಯನ್ನು ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ಗುರಿ ಹಿಡಿದು ಹೊಡೆಯುತ್ತಾರೆ, ಪ್ರತಿ ಗುಂಡೂ ತಟ್ಟೆಯ ನಡುವೆಯೇ. ದೂರ ಇಟ್ಟರೆ ದಿಬ್ಬವೇ ಗತಿ. ಆದ್ದರಿಂದ ನಮ್ಮಲ್ಲಿ ಒಪ್ಪಂದವಾಯಿತು: ಕಲ್ಲೆಸೆದರೆ ಬೀಳುವಷ್ಟು ಹತ್ತಿರ ಬಂದರೆ ಮಾತ್ರ, ಪಕ್ಕದಲ್ಲಿ ನಾನು ಕೂತು ಇದು ಏನು, ಹಿಂದೆ ಏನಿದೆ ಎಂದು ನೋಡಿ ‘ಹೂಂ’ ಅಂದ ಮೇಲೆ ಮಾತ್ರ. ಒಪ್ಪಿಕೊಂಡು ಅಪ್ಪ ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸಿದರು. ‘ಎಷ್ಟು ಕವಲು ಅನ್ನೋದನ್ನೂ ನೀನೇ ಹೇಳ್ಬೇಕಾಗತ್ತೆ ಮರಿ. ನೀನು ಹೇಳಿದ್ದೇ ಲೆಕ್ಕ.’

ಅಲ್ಲಿಂದ ನನಗೆ ನೆಮ್ಮದಿ ಹೋಯಿತು. ನಿನ್ನೆ ಸಂಜೆ ನೀರಿನ ಹೊಂಡದ ಹತ್ತಿರ ಒಂದು ಬಂದಿತ್ತು, ಹತ್ತಿರವೇ. ಅಪ್ಪ ಕೋವಿ ಎತ್ತಿಕೊಂಡು ‘ಎಷ್ಟು?’ ಅಂದರು. ‘ಐದು’ ಅಂದೆ, ಇದ್ದದ್ದೇ ಐದು. ಒಂದು ನಿಮಿಷ ಹಾಗೇ ಹಿಡಿದುಕೊಂಡಿದ್ದು, ‘ಐದಕ್ಕೆ ಇಷ್ಟು ವರ್ಷ ಬೇಕಿತ್ತಾ?’ ಎಂದು ಇಳಿಸಿಬಿಟ್ಟರು. ಅದೇ ಐದು ಸಿಕ್ಕರೆ ಸಾಕಪ್ಪ ಅಂದಿದ್ದ ಮನುಷ್ಯ! ನಾನು ಯಾಕೆ ನಿಜ ಹೇಳಿದೆನೋ ಎಂದು ಬೆಳಗಿನವರೆಗೆ ಹೊರಳಾಡಿದೆ. ಇನ್ನೊಂದು ಕವಲು ಸೇರಿಸಿ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಸೇರಿಸಿ ಹೇಳಿದೆ ಅಂತಲೇ ಇಟ್ಟುಕೊ. ಪ್ರಾಣಿ ಕೆಳಗೆ ಬಿದ್ದ ಮೇಲೆ ಅಪ್ಪ ಕೈಯಲ್ಲಿ ಮುಟ್ಟಿ ನೋಡುವುದಿಲ್ಲವಾ? ಆಗ ಹೋರಿ ಸಣ್ಣದಾಗುವುದಷ್ಟೇ ಅಲ್ಲ, ಮಗಳ ಮಾತೂ ಸುಳ್ಳಾಗುತ್ತದೆ, ಇನ್ನು ಮುಂದೆ ಯಾರ ಕಣ್ಣನ್ನು ನಂಬುತ್ತಾರೆ? ನಿಜವನ್ನೇ ಹೇಳುತ್ತ ಹೋದರೆ ಭಾನುವಾರ ಖಾಲಿ ಕೈ, ಖಾಲಿ ಗೋಡೆ, ಜೊತೆಗೆ ಕಣ್ಣೂ ಇಲ್ಲವೆಂಬುದು ಊರಿಗೆಲ್ಲ ಗೊತ್ತು. ಇಂಥ ಅಳತೆಯಲ್ಲಿ ನೀನು ಹುಷಾರು, ಗಾಳಿಯಲ್ಲಿ ಓಡುವ ಹೋರಿಯ ಕವಲೂ ಎಣಿಸುತ್ತೀಯ. ನಾನು ಅಡುಗೆಗೆ ಉಪ್ಪು ಎಷ್ಟು ಹಾಕಲಿ ಎಂದೂ ಅಮ್ಮನನ್ನು ಕೇಳುವವಳು. ನನ್ನ ಕೈಗೆ ಈ ಲೆಕ್ಕ ಯಾಕೆ ಬಂತು?

ನೀನಿದ್ದಿದ್ದರೆ ಏನು ಹೇಳುತ್ತಿದ್ದೆ? ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಇಲ್ಲಿ ಎಲ್ಲ ಮುಗಿದಿರುತ್ತದೆ, ಕೇಳಿ ಉಪಯೋಗವಿಲ್ಲ, ಆದರೂ ಕೇಳುತ್ತಿದ್ದೇನೆ. ಈಗ ಗಾಳಿ ತಿರುಗಿದೆ, ಮೋಡ ಕಟ್ಟುತ್ತಿದೆ. ಹಿಮ ಬಿದ್ದರೆ ಅವು ಕೆಳಗಿಳಿದು ಹತ್ತಿರ ಬರುತ್ತವೆ. ಅಪ್ಪ ಹೊರಗಿನಿಂದ ‘ಬರ್ತೀಯೋ, ಅಲ್ಲೇ ಕಾದಂಬರಿ ಬರೀತಾ ಕೂರ್ತೀಯೋ’ ಎಂದು ಕೂಗುತ್ತಿದ್ದಾರೆ. ಡೂಲಿ ಶನಿವಾರ ಕೆಳಗೆ ಹೋಗುವಾಗ ಇದನ್ನು ಅಂಚೆಗೆ ಹಾಕಲು ಕೊಡುತ್ತೇನೆ. ದೋಣಿಯ ಮೇಲೆ ಹುಷಾರಾಗಿರು, ಹಗ್ಗದ ಸುತ್ತಿನೊಳಗೆ ಕಾಲಿಡಬೇಡ, ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ಅಪ್ಪನ ಆಶೀರ್ವಾದ ಯಾವತ್ತೂ ನಿನ್ನ ಮೇಲಿದೆ, ಬಾಯಿಬಿಟ್ಟು ಹೇಳುವವರಲ್ಲ ಎಂದು ನಾನೇ ಬರೆಯುತ್ತಿದ್ದೇನೆ. ಸಮುದ್ರ ನಿನ್ನನ್ನು ಹೇಗೆ ಕರೆದುಕೊಂಡು ಹೋಯಿತೋ ಹಾಗೇ ಇಡಿಯಾಗಿ ವಾಪಸು ಕೊಡಲಿ.

ನಿನ್ನ ಅಕ್ಕ,
ಟ್ವೈಲಾ

ತಾ.ಕ. ಶನಿವಾರ. ಡೂಲಿ ಹೇರು ಬಿಗಿಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಹೇಗಿದೆಯೋ ಹಾಗೆ ಓದಿಕೋ. ಹಿಮ ಬಿತ್ತು. ಇವತ್ತು ಬೆಳಗ್ಗೆ ಪೈನ್ ಮರಗಳ ನಡುವಿನಿಂದ ಒಂದು ಒಂಟಿಯಾಗಿ ಬಂದು, ನಾವು ಕೂತಲ್ಲಿಂದ ಒಂದು ಅಂಗಳದಷ್ಟು ದೂರದಲ್ಲಿ ನಿಂತಿತು. ಎಳೆಯ ಹೋರಿ, ನಾಲ್ಕು ಕವಲು, ಬಿಟ್ಟುಕೊಟ್ಟ ಐದಕ್ಕಿಂತಲೂ ಸಣ್ಣದು. ಹಿಂದೆ ಬರೀ ದಿಬ್ಬ. ಅಪ್ಪ ‘ಎಷ್ಟು?’ ಅಂದರು. ‘ಆರು’ ಅಂದೆ. ‘ನಿಜವಾಗ್ಲೂ?’ ಅಂದರು. ‘ಹೂಂ, ಆರು’ ಅಂದೆ. ಒಂದೇ ಗುಂಡು ಗ್ಯಾರೆಟ್, ಹೋರಿ ನಿಂತಲ್ಲೇ ಕುಸಿಯಿತು. ಅಪ್ಪ ಹೋಗಿ ಅದರ ಪಕ್ಕ ಮಂಡಿಯೂರಿ ಕೂತು ಕೈಗವಸು ಬಿಚ್ಚಿದರು. ಕೊಂಬಿನ ಬುಡದಿಂದ ಕೈಯಾಡಿಸುತ್ತ ಹೋದರು. ‘ಒಂದು, ಎರಡು, ಮೂರು, ನಾಲ್ಕು.’ ಕೈ ತುದಿಗೆ ಬಂತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪನ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಹಾಗೇ ಮೇಲಕ್ಕೆ, ಏನೂ ಇಲ್ಲದ ಬರೀ ಗಾಳಿಯಲ್ಲಿ ಸರಿಯಿತು. ‘ಐದು. ಆರು.’ ನನ್ನ ಕಡೆ ತಿರುಗದೆ, ‘ಸರಿಯಾಗೇ ಎಣಿಸಿದೀಯ’ ಅಂದರು. ನಾನು ಹೋಗಿ ಮರದ ಹಿಂದೆ ನಿಂತು ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಡೂಲಿ ಕತ್ತೆ ಹೊಡೆದುಕೊಂಡು ಬಂದಾಗ ಅಪ್ಪ ‘ಆರು ಕವಲು, ಮಗಳು ಎಣಿಸಿದ್ದು’ ಅಂದರು. ಆ ಬಾಯಿಬಡುಕ ಕೊಂಬು ನೋಡಿದ, ನನ್ನ ಮುಖ ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡು ‘ಆರೇ’ ಅಂದ.

ನಾಳೆ ಗಾಡಿ ಓಡಿಸಿಕೊಂಡು ಹೋಗುವುದು ನಾನೇ, ಅಮ್ಮನಿಗೆ ಏನು ಹೇಳಬೇಕೋ ನಾನು ಹೇಳುತ್ತೇನೆ. ಆದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಅಂದದ್ದಕ್ಕೆ ‘ಆರು ಕವಲು ಹೊಡೆದವನಿಗೆ ಡಾಕ್ಟರ್ ಯಾಕೆ’ ಅನ್ನುತ್ತಿದ್ದಾರೆ, ನನ್ನ ಸುಳ್ಳಿನಿಂದ ನನ್ನ ಬಾಯನ್ನೇ ಮುಚ್ಚಿಸಿದ್ದಾರೆ. ನಿನ್ನ ಮಾತು ಕೇಳುತ್ತಾರೆ. ದೋಣಿ ಬಂದರಿಗೆ ಬಂದ ಕೂಡಲೇ ಮನೆಗೆ ಫೋನ್ ಮಾಡು. ಅಪ್ಪ ಆರು ಅನ್ನುತ್ತಾರೆ. ಫೋಟೋ ಕೇಳಬೇಡ, ಉದ್ದ ಕೇಳಬೇಡ. ಮೊದಲು ಆರಕ್ಕೆ ಸಂತೋಷಪಡು, ಮನಸಾರೆ ಪಡು, ಆಮೇಲೆ ಡಾಕ್ಟರ ಮಾತು ತೆಗೆ.